ಬಿಕ್ಕಳಿಕೆಗೆ ಮೊದಲ ಸ್ಥಾನ

"ಥೂ!"

ಒದ್ದೆ ಬಟ್ಟೆ ನೇರವಾಗಿ ಅವನ ಮುಖಕ್ಕೇ ಬಿತ್ತು.

ಅದೇನು ಮಡಿ ಬಟ್ಟೆಯಲ್ಲ. ಗಿರಾಕಿಗಳು ಹಾಡು ಕೇಳಿ ನೋಡಲೆಂದು ಅಂಗಡಿಯಲ್ಲಿಟ್ಟಿದ್ದ ಹೆಡ್‌ಫೋನುಗಳನ್ನು ಒರೆಸುತ್ತಿದ್ದ ಬಟ್ಟೆ. ಊರವರ ಕಿವಿಯ ಜಿಡ್ಡು, ತಲೆಯ ಎಣ್ಣೆ, ಬೆವರು ಎಲ್ಲವೂ ಅದರಲ್ಲಿತ್ತು. ಅವನ ಎಡಗೆನ್ನೆಯಿಂದ ಮೆಲ್ಲಗೆ ಜಾರಿ, ಹೊಸ ಅಂಗಿಯ ಮೇಲೆ ಕಪ್ಪು ಗೆರೆ ಎಳೆದು, ನೆಲಕ್ಕೆ ಬಿತ್ತು.

ಇಡೀ ಅಂಗಡಿ ಗಪ್‌ಚಿಪ್! ಸ್ಪೀಕರಿನಲ್ಲಿ ಮಾತ್ರ ಆ ಹಾಳು ಹಾಡು ಕುಣಿಯುತ್ತಲೇ ಇತ್ತು.

"ಹಿಕ್ ಅಂದ್ಳು ಹುಡುಗಿ... ಬಸ್ಸೇ ನಿಂತೋಯ್ತು! ಹಿಕ್!"

ಅವನ ಮುಖದ ಮೇಲಿನ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಯಾಕ್ರೀ...? ನಮ್ಮ ಹಾಡು ಫಸ್ಟ್ ಬಂದಿದೆ ಅಂತ ಹೇಳೋಣ ಅಂತ ಬಂದೆ..."

"ನಮ್ಮ ಹಾಡಾ?" ಬಟ್ಟೆ ಎಸೆದವಳು ಪಕ್ಕದ ಬಕೆಟ್ಟಿನ ಕಡೆ ಕೈ ಚಾಚಿದಳು. "ಇನ್ನೊಂದ್ಸಲ ನಮ್ಮ ಹಾಡು ಅಂದ್ರೆ ಬಟ್ಟೆ ಅಲ್ಲ, ಬಕೆಟ್ಟೇ ಬರುತ್ತೆ!"

ಇಷ್ಟು ಹೇಸಿಗೆ ಯಾಕೆ ಅಂತೀರಾ? ಹೇಳುತ್ತೇನೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮಾತೇ ಆಡುತ್ತಿರಲಿಲ್ಲ, ಬಕೆಟ್ಟನ್ನೇ ಎತ್ತುತ್ತಿದ್ದೆ.

ಮನೆಯವರ ಬಾಯಲ್ಲಿ ಅವಳು ಪುಟ್ಟಿ. ನಮಗೂ ಪುಟ್ಟಿಯೇ ಇರಲಿ. ಹಗಲು ದೊಡ್ಡಪ್ಪನ ಹಾಡಿನ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಹಾಡು. ಎರಡು ವರ್ಷ ಕೂತು ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿ ಒಂದು ಆಲ್ಬಂ ಮಾಡಿದ್ದಳು. ಅದು ವಾರದ ಜನಪ್ರಿಯ ಹಾಡು, ಆಲ್ಬಂಗಳ ಪಟ್ಟಿಯ ತಳದಲ್ಲಿ ಒಂದೇ ಒಂದು ವಾರ ತಲೆ ಹಾಕಿ ಮುಳುಗಿಹೋಯಿತು.

"ಅರ್ಧ ನಿಮಿಷ ಕೇಳಿ ಮುಂದೆ ಓಡ್ತಾರೆ ದೊಡ್ಡಪ್ಪ! ಒಬ್ಬರಾದ್ರೂ ಪೂರ್ತಿ ಕೇಳಲ್ಲ!" ಎಂದು ಅತ್ತು, ಊಟ ಬಿಟ್ಟು, ಫೋನು ಬಂದ್ ಮಾಡಿ ಮಲಗಿದ್ದಳು.

ಪ್ರತಿ ಶುಕ್ರವಾರ ಸಂಜೆ ಈ ಪಟ್ಟಿ ಬರುವ ಹೊತ್ತಿಗೆ ಅಂಗಡಿಯಲ್ಲಿ ಒಂದು ಜಾತ್ರೆಯೇ ಸೇರುತ್ತಿತ್ತು. ಹಳೆಯ ಹಾಡುಗಳ ಪಕ್ಷಕ್ಕೆ ನಿವೃತ್ತ ಸಂಗೀತ ಮೇಷ್ಟ್ರು. ತಮಾಷೆ ಹಾಡುಗಳ ಪಕ್ಷಕ್ಕೆ ಬೈಕ್ ಮೆಕ್ಯಾನಿಕ್.

"ನೋಡಿದ್ರಾ ಮೇಷ್ಟ್ರೇ! ಫಸ್ಟು ನಮ್ದೇ! ಹಿಕ್ ಹಿಕ್ ಹುಡುಗಿ!" ಇವತ್ತೂ ಮೆಕ್ಯಾನಿಕ್ ಗ್ರೀಸ್ ಹತ್ತಿದ ಕೈಯಿಂದಲೇ ಮೇಜು ಕುಟ್ಟಿದ್ದ.

"ಬಿಕ್ಕಳಿಕೆನೂ ಒಂದು ಹಾಡೇನಯ್ಯಾ? ನಾಳೆ ತೇಗು, ನಾಡಿದ್ದು... ಛೀ, ಹೇಳೋಕೂ ಅಸಹ್ಯ! ಎರಡನೇ ಸ್ಥಾನ ನೋಡು. ನೀನು ಹುಟ್ಟೋಕೆ ಮುಂಚಿನ ಆಲ್ಬಂ. ಇವತ್ತಿಗೂ ಅಲ್ಲಾಡಿಲ್ಲ."

"ಅದು ಹಾಡಲ್ಲ ಬಿಡಿ, ಹಳೇ ಚಪ್ಪಲಿ. ಕಾಲಿಗೆ ಒಗ್ಗಿದೆ ಅಂತ ಸವೆದ್ರೂ ಬಿಡಲ್ಲ ನೀವು."

"ನಿಂದು ಚ್ಯೂಯಿಂಗ್ ಗಮ್ಮು. ಅಗಿ, ಉಗಿ, ಅಷ್ಟೇ!"

ಉಗಿಯುವುದಾದರೂ ಎಲ್ಲಿಗೆ? ಆ ಮೇಜಿನ ಅಡಿಗೇ ಅಂಟಿಸುತ್ತಿದ್ದರು. ಪ್ರತಿ ಶನಿವಾರ ಅದನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದವಳು ಪುಟ್ಟಿ. ಅವಳಿಗೆ ಎರಡೂ ಪಕ್ಷದ ಮೇಲೆ ಸಮಾನ ಅಸಹ್ಯ. ಒಬ್ಬರಿಗೆ ಹಳಸಿದ್ದೇ ರುಚಿ, ಇನ್ನೊಬ್ಬರಿಗೆ ಎಂಜಲೇ ರುಚಿ. ಹೊಸದಾಗಿ ಬೇಯಿಸಿ ಬಡಿಸಿದವಳ ಕಡೆ ಯಾರೂ ತಿರುಗಿ ನೋಡಲ್ಲ!

ಆ ಹಾಡನ್ನು ಅವಳು ಬೀದಿಯಲ್ಲಿ, ಬಸ್ಸಿನಲ್ಲಿ, ಮಕ್ಕಳ ಬಾಯಲ್ಲಿ ಚೂರುಪಾರು ಕೇಳಿದ್ದಳು. ಕೇಳಿಸಿದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಈ ಸಂಜೆ ಮೆಕ್ಯಾನಿಕ್ ಹಟ ಹಿಡಿದು ಅದನ್ನು ದೊಡ್ಡಪ್ಪನ ದೊಡ್ಡ ಸ್ಪೀಕರಿನಲ್ಲಿ ಹಾಕಿಸಿದ. ಸೂಜಿ ಬಿದ್ದರೂ ಕೇಳಿಸುವಂಥ ಸ್ಪೀಕರ್ ಅದು.

ಹಿಕ್!

ಅದರ ಹಿಂದೆಯೇ, ಸಣ್ಣಗೆ... ಟಿಂಗ್.

ಹೆಡ್‌ಫೋನು ಒರೆಸುತ್ತಿದ್ದ ಪುಟ್ಟಿಯ ಕೈ ನಿಂತಿತು.

ಮತ್ತೆ ಹಿಕ್! ಮತ್ತೆ ಟಿಂಗ್.

ಅವಳು ತನ್ನ ಬೆರಳು ನೋಡಿಕೊಂಡಳು. ಅಮ್ಮ ಕೊಟ್ಟಿದ್ದ ದಪ್ಪ ಉಂಗುರ. ಆಲ್ಬಂ ರೆಕಾರ್ಡಿಂಗಿನ ಒಂದು ದಿನ ಹೆದರಿಕೆಗೆ ಬಿಕ್ಕಳಿಕೆ ಹತ್ತಿ, ಬಿಕ್ಕಿದಾಗಲೆಲ್ಲ ಈ ಉಂಗುರ ಮೈಕಿನ ಕಂಬಕ್ಕೆ ಬಡಿಯುತ್ತಿತ್ತು... ಟಿಂಗ್ ಅಂತ!

'ಇದು ನಾನು! ಊರೆಲ್ಲ ಅಣಕಿಸ್ತಾ ಇರೋದು ನನ್ನನ್ನ!'

ಎರಡು ವರ್ಷ ಬೆವರು ಸುರಿಸಿ ಹಾಡಿದ್ದು ಯಾರಿಗೂ ಬೇಡವಾಯಿತು. ಬಾಯಿ ತಪ್ಪಿ ಬಂದ ಬಿಕ್ಕಳಿಕೆಗೆ ಮೊದಲ ಸ್ಥಾನ!

ಸರಿಯಾಗಿ ಅದೇ ಗಳಿಗೆಯಲ್ಲಿ, ಹೊಸ ಅಂಗಿ ಹಾಕಿಕೊಂಡು, ಹಲ್ಲು ಬಿಟ್ಟುಕೊಂಡು ಒಳಗೆ ಬಂದವನೇ ಅವಳ ಆಲ್ಬಂ ರೆಕಾರ್ಡ್ ಮಾಡಿದ್ದ ಸೌಂಡ್ ಎಂಜಿನಿಯರ್. ಕುತ್ತಿಗೆಯಲ್ಲಿ ಸದಾ ಹೆಡ್‌ಫೋನು ನೇತಾಡುತ್ತಿದ್ದುದರಿಂದ ಪುಟ್ಟಿ ಅವನನ್ನು 'ಹೆಡ್‌ಫೋನ್' ಅಂತಲೇ ಕರೆಯುತ್ತಿದ್ದಳು. ಮನಸ್ಸಿನಲ್ಲಿ ಕರೆಯುವಾಗ ಇನ್ನೂ ಮೆತ್ತಗೆ ಕರೆಯುತ್ತಿದ್ದಳು... ಅದಿರಲಿ.

ಆಮೇಲೆ ಬಟ್ಟೆ ಹಾರಿದ್ದು ನಿಮಗೆ ಗೊತ್ತೇ ಇದೆ. "ನನ್ನ ಬಿಕ್ಕಳಿಕೆ ಕದ್ದು, ನಮ್ಮ ಹಾಡು ಬೇರೆ ಅಂತೀರಾ?" ಎಂದಳು ಪುಟ್ಟಿ.

"ಅಂದ್ರೆ... ಆ ಹಿಕ್ಕು... ನಮ್ಮ ಪುಟ್ಟಕ್ಕಂದಾ?" ಮೆಕ್ಯಾನಿಕ್ ಬಾಯಿ ಬಿಟ್ಟ.

"ಬಾಯ್ ಮುಚ್ಚೋ!" ಮೇಷ್ಟ್ರು ಅವನ ತೊಡೆ ಚಿವುಟಿದರು.

"ಯಾರಿಗೆ ಮಾರಿದ್ರಿ ನನ್ನನ್ನ?" ಪುಟ್ಟಿ ಅವನ ಕಡೆಗೇ ತಿರುಗಿದಳು. "ಊರಲ್ಲಿ ಒಬ್ಬರಾದ್ರೂ ನನ್ನ ಹಾಡನ್ನ ಕಿವಿಗೊಟ್ಟು ಕೇಳಿದ್ರು ಅಂದ್ಕೊಂಡಿದ್ದೆ. ನೀವು ಕೇಳ್ತಿದ್ದಿದ್ದು ಇದನ್ನಾ?"

"ಮಾರಿಲ್ಲ. ನಾನೇ ಬರೆದೆ, ನಾನೇ ಹಾಡಿದೆ. ಆ ಹುಡುಗಿ ಯಾರು ಅಂತ ಎಲ್ಲರೂ ಕೇಳ್ತಿದ್ದಾರೆ. ನಿಮ್ಮ ಹೆಸರು ಹಾಕೋಣ ಅಂತ... ಅಲ್ಲ, ಅವತ್ತು ನೀವೇ..."

"ಹೆಸರು ಬೇರೆ! ಸಾಯೋವರೆಗೂ ನಾನು ಬಿಕ್ಕಳಿಕೆ ಹುಡುಗಿ ಅನ್ನಿಸ್ಕೋಬೇಕಾ? ಅಳಿಸಿ ಅದನ್ನ. ನಾಳೆ ಬರ್ತೀನಿ. ನನ್ನ ಕಣ್ಣೆದುರೇ ಅಳಿಸ್ಬೇಕು!"

ಅವನು ಕೆನ್ನೆ ಒರೆಸಿಕೊಂಡ.

"ಅಳಿಸ್ತೀನಿ," ಎಂದ. ಬಗ್ಗಿ ಆ ಹೊಲಸು ಬಟ್ಟೆ ಎತ್ತಿ ಬಕೆಟ್ಟಿನ ಅಂಚಿಗೆ ಹಾಕಿ ಹೊರಟುಹೋದ.

ಜಗಳ ಆಡಿದ್ದರೆ ಚೆನ್ನಾಗಿತ್ತು. ಇಷ್ಟು ಸುಲಭಕ್ಕೆ ಒಪ್ಪಿಬಿಟ್ಟನಲ್ಲ ಎಂಬುದೇ ಪುಟ್ಟಿಯ ಎದೆಯಲ್ಲಿ ಮುಳ್ಳಾಯಿತು.

ಎಲ್ಲರೂ ಹೋದ ಮೇಲೆ ದೊಡ್ಡಪ್ಪ ಬಾಯಿ ಬಿಟ್ಟರು. "ಪುಟ್ಟೀ, ಆ ಹಾಡು ಪೂರ್ತಿ ಕೇಳಿದ್ಯಾ?"

"ಆ ಹೊಲಸನ್ನ ಪೂರ್ತಿ ಬೇರೆ ಕೇಳ್ಬೇಕಾ?"

"ಜನ ಪೂರ್ತಿ ಕೇಳಲ್ಲ ಅಂತ ಊಟ ಬಿಟ್ಟವಳು ನೀನೇ ಅಲ್ವಾ?"

ಪುಟ್ಟಿ ಬಕೆಟ್ಟು ಎತ್ತಿ ನೀರು ಚೆಲ್ಲಿ ಬಂದಳು.

"ಮೇಷ್ಟ್ರು ಎದೆಗಪ್ಪಿಕೊಳ್ಳೋ ಆ ಹಳೇ ಆಲ್ಬಂ ಇದೆಯಲ್ಲ, ಅದು ಬಂದ ಹೊಸದರಲ್ಲಿ ನಮ್ಮಪ್ಪ 'ಕತ್ತೆ ಕಿರುಚಿದ ಹಾಗಿದೆ, ಥೂ' ಅಂತ ಕಿಟಕಿಯಿಂದ ಎಸೆದಿದ್ರು. ನಾನು ಗಟಾರದಿಂದ ಎತ್ಕೊಂಡು ಬಂದು ತೊಳೆದೆ. ಅದರಲ್ಲೂ ಒಂದು ತಮಾಷೆ ಹಾಡಿದೆ. ಅದನ್ನ ಹಾಡಿಯೇ ನಿನ್ನ ದೊಡ್ಡಮ್ಮನ್ನ ನಗಿಸಿದ್ದು."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲಮ್ಮ. ಸುಮ್ನೆ ಹೇಳಿದೆ," ಎಂದು ದೊಡ್ಡಪ್ಪ ಬಾಗಿಲು ಎಳೆದರು.

ಮರುದಿನ ಬೆಳಿಗ್ಗೆ ಪುಟ್ಟಿ ಸ್ಟುಡಿಯೋ ಮೆಟ್ಟಿಲು ಹತ್ತಿದಳು. ಅದೇ ಮುಗ್ಗಲು ವಾಸನೆಯ ಕಾರ್ಪೆಟ್. ಅದೇ ದಪ್ಪ ಗಾಜು. ಗಾಜಿನ ಆಚೆ ಹಾಡುವವರ ಕೋಣೆ, ಈಚೆ ಅವನ ಯಂತ್ರಗಳು. ಅಲ್ಲಿ ನಿಂತು ಹಾಡುವಾಗ ಪ್ರತಿ ಸಲವೂ ಅವನು ಈಚೆಯಿಂದ ಗುಂಡಿ ಒತ್ತಿ ಹಿಡಿದು, "ಓಕೆನಾ? ಇನ್ನೊಂದ್ಸಲ ಹಾಡ್ತೀರಾ?" ಎನ್ನುತ್ತಿದ್ದ. ಅವಳು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಗಂಟಲು ಕಟ್ಟಿದರೆ ಬಿಸಿನೀರು ತಂದಿಡುತ್ತಿದ್ದ. ಬಿಕ್ಕಳಿಕೆ ಹತ್ತಿದ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು...

'ಎಲ್ಲ ನಾಟಕ!' ಎಂದುಕೊಂಡಳು.

ಅವನು ಮೊದಲೇ ಕೂತಿದ್ದ. ಕಣ್ಣು ಕೆಂಪಾಗಿತ್ತು.

"ಬನ್ನಿ. ಎಲ್ಲಾ ಬಿಕ್ಕಳಿಕೆನೂ ಹುಡುಕಿ ಇಟ್ಟಿದ್ದೀನಿ. ಒಂದು ಒತ್ತಿದ್ರೆ ಎಲ್ಲಾ ಹೋಗುತ್ತೆ. ಬೇರೆ ಶಬ್ದ ಹಾಕಿ ಹೊಸದಾಗಿ ಬಿಡ್ತೀನಿ."

"ಮೊದಲನೇ ಸ್ಥಾನ ಹೋಗುತ್ತಲ್ಲ?"

"ಹೋಗ್ಲಿ." ಅವನ ಬೆರಳು ಕಂಪ್ಯೂಟರಿನ ಕೀಲಿಯ ಮೇಲೆ ನಿಂತಿತು. "ಒಂದೇ ಒಂದು ಮಾತು ಕೇಳ್ಲಾ? ಅವತ್ತು ಹೂಂ ಅಂದು, ಈಗ ಯಾಕೆ ಹೀಗೆ?"

"ಯಾವತ್ತು ಹೂಂ ಅಂದೆ?"

"ಬಿಕ್ಕಳಿಕೆ ಬಂದ ದಿನ! ಕೇಳಿದೆ ನಾನು. ನೀವು ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿದ್ರಿ. ನಕ್ಕಿದ್ರಿ ಕೂಡ! ನಕ್ಕು, ತಕ್ಷಣ ಹಾಡೋಕೆ ಶುರು ಮಾಡಿದ್ರಿ. ಪಾಪ, ನಾಚಿಕೆ ಇರ್ಬೇಕು ಅಂದ್ಕೊಂಡೆ..."

"ನಾಚಿಕೆ ಯಾಕೆ? ಇನ್ನೊಂದ್ಸಲ ಹಾಡ್ತೀರಾ ಅಂತ ಕೇಳಿದ್ರಿ, ಹಾಡಿದೆ!"

"ಅಲ್ಲ... ನಾನು ಕೇಳಿದ್ದು ಅದಲ್ಲ."

"ನನ್ನ ಹೆಡ್‌ಫೋನಲ್ಲಿ ಒಂದು ಚೂರೂ ಶಬ್ದ ಬರ್ಲಿಲ್ಲ. ನಿಮ್ಮ ತುಟಿ ಅಲ್ಲಾಡಿದ್ದು ನೋಡಿದೆ. ಯಾವಾಗ್ಲೂ ಕೇಳೋದನ್ನೇ ಕೇಳಿದ್ರಿ ಅಂದ್ಕೊಂಡು ಬೆರಳು ಎತ್ತಿದೆ."

ಅವನು ಅವಳನ್ನು ನೋಡಿದ. ಮೆಲ್ಲಗೆ ತಲೆ ತಗ್ಗಿಸಿ ತನ್ನ ಮುಂದಿದ್ದ ಕೆಂಪು ಗುಂಡಿಯನ್ನು ನೋಡಿದ. ಅದನ್ನು ಒತ್ತಿ ಹಿಡಿಯದೆ ಮಾತನಾಡಿದರೆ ಆಚೆಗೆ ಏನೂ ಕೇಳಿಸುವುದಿಲ್ಲ. ಅದು ಅವನ ಕಸುಬಿನ ಮೊದಲ ಪಾಠ.

ಅವನ ಕಿವಿ ಕೆಂಪಗಾಯಿತು. "ಅಯ್ಯೋ! ಎರಡೂ ಕೈ ಜೋಡಿಸ್ಕೊಂಡು ಕೂತಿದ್ದೆ... ಭಯಕ್ಕೆ. ಗುಂಡಿ... ಗುಂಡಿ ಒತ್ತಲೇ ಇಲ್ಲ!"

ಪುಟ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಆಲ್ಬಂ ಬಿದ್ದ ಮೇಲೆ ಎಷ್ಟು ಸಲ ಫೋನ್ ಮಾಡಿದೆ! ನೀವು ಎತ್ತಲಿಲ್ಲ. ದುಃಖದಲ್ಲಿದ್ದೀರಿ, ತೊಂದರೆ ಕೊಡೋದು ಬೇಡ, ಖುಷಿಯ ಸುದ್ದಿ ಹಿಡ್ಕೊಂಡೇ ಹೋಗೋಣ ಅಂತ ಕಾದೆ. ಒಪ್ಪಿದ್ದೀರಿ ಅಂತ ನಂಬಿ... ಛೀ! ನನ್ನ ಮೇಲೆ ನನಗೇ ಅಸಹ್ಯ ಆಗ್ತಿದೆ."

'ಕೈ ಜೋಡಿಸಿಕೊಂಡು ಕೂರುವಷ್ಟು ಭಯ ಏನಿತ್ತು ಇವನಿಗೆ? ಬರೀ ಬಿಕ್ಕಳಿಕೆ ಕೇಳೋಕಾ?'

"ಏನ್ ಕೇಳಿದ್ರಿ ಅವತ್ತು?"

"ಬಿಡಿ. ಅಳಿಸಿಬಿಡ್ತೀನಿ."

"ಕೈ ತೆಗೀರಿ ಅದರ ಮೇಲಿಂದ!" ಎಂದಳು. "ನಾನು ಆಚೆ ಹೋಗ್ತೀನಿ. ಮೊದಲು ಆ ಹಾಡು ಪೂರ್ತಿ ಹಾಕಿ. ಆಮೇಲೆ ಅವತ್ತು ಕೇಳಿದ್ದನ್ನೇ ಕೇಳಿ. ಗುಂಡಿ ಒತ್ತಿ!"

ಒಳಗೆ ಹೋಗಿ, ಬೆವರಿಗೆ ಅಂಟಂಟಾಗಿದ್ದ ಹೆಡ್‌ಫೋನನ್ನು ಸೆರಗಿನಿಂದ ಒರೆಸಿ, ಮುಖ ಸಿಂಡರಿಸಿಕೊಂಡೇ ಕಿವಿಗೆ ಹಾಕಿಕೊಂಡಳು. ಹಾಡು ಶುರುವಾಯಿತು. ಬಸ್ಸು ನಿಂತಿತು, ಪರೀಕ್ಷೆ ಹಾಳಾಯಿತು, ಮದುವೆ ಮನೆಯಲ್ಲಿ ಭಾಷಣ ಮಾಡುತ್ತಿದ್ದ ಮಾವ ಬೆಚ್ಚಿ ಬಿದ್ದ. ಅವಳು ಹಲ್ಲು ಕಚ್ಚಿಕೊಂಡು ಕೇಳಿದಳು. ಊರಿನ ಮಕ್ಕಳಾರೂ ಹಾಡದ ಕೊನೆಯ ಚರಣ ಬಂತು. ವಾದ್ಯಗಳೆಲ್ಲ ನಿಂತು ಅವನ ದನಿಯೊಂದೇ ಉಳಿಯಿತು.

"ಬಿಕ್ಕಿದ್ರೆ ನೀರು ಕುಡೀಬ್ಯಾಡ, ಉಸಿರು ಹಿಡೀಬ್ಯಾಡ,
ತಪ್ಪು ನಿಂದಲ್ಲ ಹುಡುಗಿ, ಕೂತು ನೆನೆಯೋನದು.
ಒಬ್ಬೊಬ್ಬರ ಹೆಸರೇ ಹೇಳ್ತಾ ಬಾ,
ನಿಂತೋದಾಗ ಗೊತ್ತಾಗ್ತದೆ ನಾನು ಯಾರೂಂತ."

ಪುಟ್ಟಿಯ ಕಣ್ಣು ತುಂಬಿತು. ಇಷ್ಟು ದಿನ ಕಂಡವರ ಮೇಲೆಲ್ಲ ಕಾರಿದ್ದ ಅಸಹ್ಯ ತಿರುಗಿ ತನ್ನ ಮೇಲೇ ಬಂತು. 'ಅರ್ಧ ನಿಮಿಷ ಕೇಳಿ ಓಡಿದವಳು ನಾನೇ! ಅವನ ಮುಖಕ್ಕೆ ಆ ಹೊಲಸು ಬಟ್ಟೆ ಎಸೆದೆನಲ್ಲ...'

ಗಾಜಿನ ಈಚೆ ಅವನು ಗುಂಡಿ ಒತ್ತಿದ. ಬೆರಳು ಬಿಳಿಚಿಕೊಳ್ಳುವಷ್ಟು ಬಲವಾಗಿ ಒತ್ತಿದ.

"ಈ ಬಿಕ್ಕಳಿಕೆ ನನಗೆ ಕೊಡ್ತೀರಾ? ಒಂದು ಹಾಡು ಬರೀಬೇಕು... ನಿಮ್ಮ ಮೇಲೆ. ನಗೋ ಹಾಡು. ನೀವು ನಗೋದು ನೋಡಿದ ಮೇಲೆ ನನಗೆ ಬೇರೆ ಥರ ಬರೆಯೋಕೆ ಬರಲ್ಲ. ನೀವಂದ್ರೆ... ನನಗೆ ತುಂಬಾ ಇಷ್ಟ. ಓಕೆನಾ?"

ಅವಳು ಹೆಬ್ಬೆರಳು ಎತ್ತಲಿಲ್ಲ. ಮೈಕಿನ ಹತ್ತಿರ ಬಂದಳು.

"ಬಟ್ಟೆ ಎಸೆದಿದ್ದು ತಪ್ಪಾಯ್ತು."

"ಅದು ಇರ್ಲಿ. ಓಕೆನಾ?"

"ಬಿಕ್ಕಳಿಕೆ ಅಳಿಸ್ಬೇಡಿ."

"ಊರೆಲ್ಲ ಬಿಕ್ಕಳಿಕೆ ಹುಡುಗಿ ಅನ್ನುತ್ತೆ."

"ಅನ್ಲಿ. ಹೆಸರೂ ಹಾಕಿ. ಆದ್ರೆ ಕೊನೇ ಚರಣ ನಾನು ಹಾಡ್ತೀನಿ. ಬಿಕ್ಕಿದವಳಿಗೆ ಹಾಡೋಕೂ ಬರುತ್ತೆ ಅಂತ ಗೊತ್ತಾಗ್ಲಿ."

ಅವನ ಮುಖ ಅರಳಿದ್ದು ಗಾಜಿನ ಮೇಲಿನ ಧೂಳಿನ ನಡುವೆಯೂ ಕಂಡಿತು. ಕೆಂಪು ದೀಪ ಹತ್ತಿತು. ಪುಟ್ಟಿ ಉಸಿರೆಳೆದುಕೊಂಡಳು. "ಬಿಕ್ಕಿದ್ರೆ ನೀರು..."

ಹಿಕ್!

ಟಿಂಗ್.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದ.

"ನಗ್ಬೇಡಿ! ಯಾರೋ ನೆನೆಸ್ಕೋತಿದ್ದಾರೆ... ದೊಡ್ಡಪ್ಪ... ಹಿಕ್! ಅಮ್ಮ... ಹಿಕ್! ಮೇಷ್ಟ್ರು... ಹಿಕ್!" ಅವಳು ಗಾಜಿನ ಆಚೆ ಅವನ ಕಡೆ ನೋಡಿದಳು. ಆಮೇಲೆ, ಮನಸ್ಸಿನಲ್ಲಿ ಮಾತ್ರ ಕರೆಯುತ್ತಿದ್ದಷ್ಟೇ ಮೆತ್ತಗೆ, "ಹೆಡ್‌ಫೋನ್..." ಎಂದಳು.

ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಬಿಕ್ಕಳಿಕೆ ಮತ್ತೆ ಬರಲಿಲ್ಲ.

"ನಿಂತೋಯ್ತಾ?" ಕಿವಿಯಲ್ಲಿ ಅವನ ದನಿ.

"ಹೂಂ..."

"ಅದ್ಹೆಂಗೆ? ನಾನಿನ್ನೂ ನೆನೆಸ್ಕೋತಾನೇ ಇದ್ದೀನಲ್ಲ!"

"ಥೂ!" ಎಂದಳು ಪುಟ್ಟಿ, ಕಣ್ಣೊರೆಸಿಕೊಳ್ಳುತ್ತ. "ಎದುರಿಗೇ ನಿಂತಿರೋಳನ್ನ ಯಾರಾದ್ರೂ ನೆನೆಸ್ಕೋತಾರಾ? ಗುಂಡಿ ಬಿಟ್ಟು ಬಾ ಈ ಕಡೆ."