ಮೊದಲ ರೊಟ್ಟಿ ಕರಿಯನಿಗೆ

ನಮ್ಮತ್ತೆ ಕಾಶವ್ವ ತಳೇಗಾಂವದ ಈ ಮನೆಯಲ್ಲಿ ಹಂಚಿನಿಂದ ತೆಗೆದ ಮೊದಲ ಜೋಳದ ರೊಟ್ಟಿಯನ್ನು ನಾಯಿ ಕರಿಯನಿಗೇ ಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವನು ನನ್ನ ಚಪಾತಿಯನ್ನು ಮೂಸಿಯೂ ನೋಡದೆ ಸೊರಗುತ್ತ ಹೋದ. ನನಗೆ ರೊಟ್ಟಿ ಬಡಿಯಲು ಬಾರದು. ಮನೆಯಲ್ಲಿ ಜೋಳದ ಹಿಟ್ಟೂ ಇರಲಿಲ್ಲ.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಮಲಗಿದ್ದವನ ಬಾಲ ನಿದ್ದೆಯಲ್ಲೇ ಪಟಪಟನೆ ನೆಲ ಬಡಿಯತೊಡಗಿತು. ನಡುನಡುವೆ ನಿಲ್ಲುತ್ತಿತ್ತು, ಅತ್ತೆ ರೊಟ್ಟಿ ತಿರುಗಿಸಲು ಬಡಿಯುವುದನ್ನು ನಿಲ್ಲಿಸುತ್ತಿದ್ದ ಹಾಗೆಯೇ. ಆಮೇಲೆ ಬಾಯಿ ಮೆಲ್ಲಗೆ ಅಗಿಯಿತು.

"ಕನಸಿನ್ಯಾಗರ ತಿನ್ಲಿ ಬಿಡು, ಎಬ್ಬಸಬ್ಯಾಡ," ಎಂದರು ನನ್ನ ಗಂಡ ಮಾಂತು.

ಪಕ್ಕದಲ್ಲಿ ಕೂತು ತಲೆ ಸವರಿದೆ. ಗ್ಯಾಸ್ ಹಚ್ಚಿರಲಿಲ್ಲ, ಆದರೂ ಅಲ್ಲಿ ಹಂಚು ಕಾದ ವಾಸನೆಯಿತ್ತು. ಕರಿಯ ಎದ್ದು ಮೈಮುರಿದು ನನ್ನ ಅಂಗೈ ನೆಕ್ಕಿದ. ಅವನ ಬಾಯಿಂದ ಅಂಗೈಗೆ ಅಂಟಿದ ಜೋಳದ ರೊಟ್ಟಿಯ ಚೂರು ಇನ್ನೂ ಬಿಸಿಯಾಗಿತ್ತು.