ಪಾಲಿಗೆ ತಂದ ಕ್ಯಾಮೆರಾ

ಸಂಜೆ ಆರೂ ಹತ್ತಕ್ಕೆ, ರೈಲು ಟೇಕಲ್ ದಾಟುವಾಗ, ಮುನಿರಾಜು ಮತ್ತು ಅಂಬಿಕ ಕ್ಯಾಮೆರಾ ವಿಷಯಕ್ಕೆ ಮೂರನೇ ಸಲ ಜಗಳವಾಡಿದರು. ಕ್ಯಾಮೆರಾ ಇನ್ನೂ ಅಂಗಡಿಯಲ್ಲೇ ಇತ್ತು.

"ಜೂಮ್ ಇರೋದೇ ಬೇಕು ಅಂತ ಹೋದ ವಾರ ಕೂಗಾಡಿದ್ದು ಯಾರು?" ಅಂಬಿಕ ಕೇಳಿದಳು.

"ನಾನೇ."

"ಈಗ ಜೂಮ್ ಬೇಡ ಅನ್ನೋರು?"

"ಅದೂ ನಾನೇ. ನೀವು ಹೇಳಿದ್ದನ್ನ ಮನೆಗೆ ಹೋಗಿ ಯೋಚನೆ ಮಾಡ್ದೆ ಟೀಚರ್. ಒಂದೇ ಅಳತೆ ಲೆನ್ಸಿಂದು ಸಂಜೆ ಬೆಳಕಿಗೆ ಒಳ್ಳೇದು. ಸೆನ್ಸರ್ ದೊಡ್ಡದು. ಜೇಬಲ್ಲೂ ಕೂರುತ್ತೆ."

"ಅಯ್ಯೋ, ನಾನು ನಿಮ್ಮ ಮಾತು ಯೋಚನೆ ಮಾಡಿ ಜೂಮಿಗೆ ಬಂದ್ಬಿಟ್ಟೆ! ಬೇಲೂರಿಗೆ ಹೋದ್ರೆ ಮೇಲಿರೋ ಶಿಲ್ಪ ತೆಗೆಯೋಕೆ ಏಣಿ ಹೊತ್ಕೊಂಡ್ ಹೋಗ್ಲಾ?"

ಎದುರು ಸೀಟಿನಲ್ಲಿ ಸೊಪ್ಪಿನ ಖಾಲಿ ಬುಟ್ಟಿ ಹಿಡಿದು ಕೂತಿದ್ದ ಮುದುಕಿ ಇಬ್ಬರ ಮುಖವನ್ನೂ ನೋಡಿ, "ಅವನ ಮಾತ್ನ ನೀನ್ ಒಪ್ದೆ, ನಿನ್ ಮಾತ್ನ ಅವನ್ ಒಪ್ದ. ಇನ್ಯಾಕಮ್ಮ ಜಗಳ?" ಎಂದಳು.



ಮುನಿರಾಜು ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದ. ಬಂಗಾರಪೇಟೆಯಲ್ಲಿ ಇಳಿದು, ನಿಲ್ದಾಣದಲ್ಲಿ ಬಿಟ್ಟ ಬೈಕು ತೆಗೆದುಕೊಂಡು ಬೂದಿಕೋಟೆ ಕಡೆಯ ತನ್ನ ಹಳ್ಳಿಗೆ ಹೋಗುತ್ತಿದ್ದ. ಅಂಬಿಕ ಮಾಲೂರಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ಅಲ್ಲಿ ರೈಲು ಹತ್ತಿ, ಅದೇ ರೈಲಿನಲ್ಲಿ ಕೆ.ಜಿ.ಎಫ್.ವರೆಗೆ ಹೋಗಿ, ಆಂಡರ್ಸನ್‌ಪೇಟೆಯ ಮನೆ ಸೇರುತ್ತಿದ್ದಳು. ಮಾಲೂರಿನಿಂದ ಬಂಗಾರಪೇಟೆಯವರೆಗಿನ ದಾರಿ ಇಬ್ಬರಿಗೂ ಸೇರಿದ್ದು.

ಪರಿಚಯವಾದದ್ದೂ ಒಂದು ತಕರಾರಿನಿಂದಲೇ. ಅವಳು ಕಿಟಕಿಯಾಚೆ ಮುಳುಗುತ್ತಿದ್ದ ಸಂಜೆಯನ್ನು ಫೋನಿನಲ್ಲಿ ತೆಗೆದಿದ್ದಳು. ಚಿತ್ರದಲ್ಲಿ ಮಟ ಮಟ ಮಧ್ಯಾಹ್ನವಾಗಿತ್ತು. ಪಕ್ಕದಲ್ಲಿದ್ದ ಮುನಿರಾಜು, "ಸುಳ್ಳು ಹೇಳ್ತಿದೆ ಮೇಡಂ ನಿಮ್ಮ ಫೋನು" ಎಂದ. "ನಿಮ್ದು ಹೇಳಲ್ವಾ?" ಎಂದಳು. ಅವನೂ ತೆಗೆದ. ಅವನ ಫೋನು ಇನ್ನೂ ದೊಡ್ಡ ಸುಳ್ಳುಗಾರ. ಅಂದು ಇಬ್ಬರೂ ನಕ್ಕದ್ದೇ ಕ್ಯಾಮೆರಾದ ಮಾತಿಗೆ ಮೊದಲು.

ಅವಳಿಗೆ ಪ್ರತಿ ರಜೆಗೂ ಊರು ಸುತ್ತುವ ಹುಚ್ಚು. ಅವನಿಗೆ ಮನೆ ಮುಂದಿನದೇ ಸಾಕು: ಕೊಟ್ಟಿಗೆ, ಡೇರಿಗೆ ಕ್ಯಾನು ಹೊತ್ತ ಸೈಕಲ್ಲು, ಹುಣಸೆ ಮರದ ಕೆಳಗಿನ ಮಾತು. ಇಬ್ಬರಿಗೂ ಹಿಡಿಸಿದ್ದು ಅಂಗೈಯಲ್ಲಿ ಕೂರುವಂಥ, ಆದರೆ ಚಿತ್ರದಲ್ಲಿ ಕೊರತೆ ಕಾಣದ ಚಿಕ್ಕ ಕ್ಯಾಮೆರಾ. ಅಂಥದ್ದನ್ನು ಒಬ್ಬರೇ ಕೊಳ್ಳುವುದು ಇಬ್ಬರಿಗೂ ಆಗದ ಮಾತು.

"ಪಾಲಿಗೆ ತರೋಣ" ಎಂದಿದ್ದ ಮುನಿರಾಜು. "ನಮ್ಮ ಕಡೆ ಹಸು ಹಂಗೇ ತರ್ತಾರೆ. ಇಬ್ರು ಸೇರಿ ಒಂದು ಹಸು."

"ಹಾಲು?"

"ಸರದಿ."

ಅಂಬಿಕ ದುಪಟ್ಟಾ ಬಾಯಿಗೊತ್ತಿ ನಕ್ಕಳು. ನಗು ನಿಂತ ಮೇಲೆ, "ಸರಿ. ಒಂದು ವಾರ ನಿಮ್ಮ ಕೊಟ್ಟಿಗೆ, ಒಂದು ವಾರ ನಮ್ಮ ಕೊಟ್ಟಿಗೆ" ಎಂದಳು.

ಮುದುಕಿಯ ಮಾತು ಕೇಳಿದ ಮೇಲೆ ಬಂದ ಭಾನುವಾರ ಇಬ್ಬರೂ ಬೆಂಗಳೂರಿನ ಅಂಗಡಿಗೆ ಹೋದರು. ಅಂಗಡಿಯವನು ಎರಡನ್ನೂ ಗಾಜಿನ ಮೇಲಿಟ್ಟ. ಮುನಿರಾಜು ಒಂದೊಂದನ್ನೂ ಬಾಗಿಲಾಚೆ ಬಿಸಿಲಿಗೆ ಒಯ್ದು ನೋಡಿದ. ಪರದೆಯ ಮೇಲೆ ಅವನ ಮುಖವೇ ಕಂಡಿತು, ರಸ್ತೆ ಕಾಣಲಿಲ್ಲ. ಕನ್ನಡಕ ಹಣೆಗೇರಿಸಿದ, ಇಳಿಸಿದ, ಅಂಗೈ ಅಡ್ಡ ಹಿಡಿದ. ಒಳಗೆ ಬಂದು, "ಎರಡೂ ಚೆನ್ನಾಗಿದಾವೆ" ಎಂದ.

ಅಂಬಿಕ ಅವನನ್ನೇ ನೋಡುತ್ತಿದ್ದಳು. ಅಂಗಡಿಯವನ ಕಡೆ ತಿರುಗಿ, "ಕಣ್ಣಿಟ್ಟು ನೋಡೋ ಕಿಂಡಿ ಇರೋದು ಇದೆಯಾ?" ಎಂದು ಕೇಳಿದಳು.

ಇತ್ತು. ಮೂಲೆಯಲ್ಲಿ ವ್ಯೂಫೈಂಡರ್, ಒಂದೇ ಅಳತೆಯ ಲೆನ್ಸು. ಕೊಂಚ ದಪ್ಪ, ಅವನ ಅಂಗಿ ಜೇಬಿಗೆ ಹೋಗುವುದಿಲ್ಲ, ಅವಳ ಹ್ಯಾಂಡ್‌ಬ್ಯಾಗಿಗೆ ಹೋಗುತ್ತದೆ.

"ಮತ್ತೆ ಬೇಲೂರಿನ ಶಿಲ್ಪ?"

"ಕತ್ತೆತ್ತಿ ನೋಡ್ತೀನಿ ಬಿಡಿ. ಎಲ್ಲಾದ್ನೂ ಹಿಡ್ಕೊಂಡೇ ಬರ್ಬೇಕಾ?" ಎಂದಳು ಅಂಬಿಕ.

ಕ್ಯಾಮೆರಾ ಮನೆಗೆ ಬಂದ ದಿನ ಅವನ ತಾಯಿ ವೆಂಕಟರತ್ನಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಪಾಲಿಂದಾ? ಯಾರ್ಲಾ ಪಾಲುಗಾರ್ರು?"

"ಟೀಚರಮ್ಮ. ರೈಲಲ್ಲಿ ಬರ್ತಾರೆ."

"ಸರಿ, ಅಸು ಇಬ್ರುದೂ. ಕರ ಯಾರ್ದು?"

ಮುನಿರಾಜು ಇದನ್ನು ರೈಲಿನಲ್ಲಿ ಹೇಳಿದಾಗ ಅಂಬಿಕ ತೀರ್ಪು ಕೊಟ್ಟಳು: ಫೋಟೊ ತೆಗೆದವರದ್ದು, ಆದರೆ ಇನ್ನೊಬ್ಬರಿಗೆ ತೋರಿಸಲೇಬೇಕು.

ಹಾಗಾಗಿ ಶುಕ್ರವಾರದ ಸಂಜೆಗಳು ಬಂದವು. ಚಿಕ್ಕ ಪರದೆಯ ಮೇಲೆ ಎರಡು ತಲೆ ಬಾಗುತ್ತಿದ್ದವು. ಅವಳ ಮುಂಗುರುಳು ಗಾಳಿಗೆ ಅವನ ಕನ್ನಡಕದ ಗಾಜಿಗೆ ತಾಗಿ ಹಿಂದಕ್ಕೆ ಹೋಗುತ್ತಿತ್ತು. ಅವನು ಗಾಜು ಒರೆಸುತ್ತಿರಲಿಲ್ಲ.

"ಹಸು. ಹಸು. ಮತ್ತೆ ಹಸು. ಇದು?"

"ಅದೇ ಹಸು. ಸ್ನಾನ ಆದ್ಮೇಲೆ."

"ನನಗಿಂತ ಚೆನ್ನಾಗಿ ಪೋಸ್ ಕೊಡುತ್ತೆ ರೀ!"

ಮೊದಲ ಸರದಿಯಲ್ಲೇ ಒಂದು ಯಡವಟ್ಟಾಗಿತ್ತು. ಅವಳಿಂದ ಕ್ಯಾಮೆರಾ ತಂದ ಮರುದಿನ ಕಿಂಡಿಗೆ ಕಣ್ಣಿಟ್ಟರೆ ಎಲ್ಲ ಮಂಜು. ಕನ್ನಡಕ ತಾಗುತ್ತದೆಂದು ಅವನು ಅದನ್ನು ತೆಗೆದಿಟ್ಟೇ ನೋಡುತ್ತಿದ್ದ. "ಕ್ಯಾಮೆರಾ ಕೆಟ್ಟಿದೆ. ಬೀಳಿಸಿದ್ರಾ?" ಎಂದು ಮೆಸೇಜು ಹಾಕಿದ. ಉತ್ತರ ಕೂಡಲೇ ಬಂತು: "ಕೆಟ್ಟಿರೋದು ನಿಮ್ಮ ಕಣ್ಣು. ಕಿಂಡಿ ಪಕ್ಕದ ಚಕ್ರ ತಿರುಗಿಸಿ." ತಿರುಗಿಸಿದ. ಬೇಲಿಯ ಮೇಲಿನ ಓತಿಕ್ಯಾತ ಗೆರೆ ಗೆರೆಯಾಗಿ ಕಂಡಿತು. ಅವಳ ಕಣ್ಣಿಗೆ ಹೊಂದಿಸಿದ್ದ ಚಕ್ರ ಅದು. ಅಲ್ಲಿಂದ ಪ್ರತಿ ಸರದಿಗೂ ಅವನು ಮೊದಲು ಮಾಡುವ ಕೆಲಸ ಅದೇ ಆಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಕಿಂಡಿಗೆ ಕಣ್ಣಿಟ್ಟ, ಮಂಜಿರಲಿಲ್ಲ. ಮುಂದಿನ ಸರದಿಗೂ ಇರಲಿಲ್ಲ. ತನ್ನ ದೃಷ್ಟಿಯೇ ಸರಿಹೋಗುತ್ತಿರಬೇಕೆಂದು ಅವನು ಅಮ್ಮನಿಗೆ ಹೇಳಿದ. "ನುಗ್ಗೆ ಸೊಪ್ಪು ಕಣ್ಲಾ" ಎಂದರು ವೆಂಕಟರತ್ನಮ್ಮ, ಹೆಮ್ಮೆಯಿಂದ.

ಆ ಸಂಜೆ ಕ್ಯಾಮೆರಾ ಒರೆಸುವಾಗ ಚಕ್ರದ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಹೊಸ ಕ್ಯಾಮೆರಾಕ್ಕೆ ಬಣ್ಣ ಮೆತ್ತಿದ್ದಾಳೆಂದು ಒಮ್ಮೆ ಸಿಟ್ಟೇ ಬಂತು. ಉಗುರಿನಿಂದ ಕೆರೆಯಲು ಹೋದವನು ನಿಂತ. ಚುಕ್ಕೆ ಇದ್ದದ್ದು ಸರಿಯಾಗಿ ಅವನ ಕಣ್ಣಿಗೆ ಹೊಂದುವ ಜಾಗದಲ್ಲಿ. ತನ್ನ ವಾರ ಮುಗಿದ ಮೇಲೆ ಅವಳು ಚಕ್ರವನ್ನು ಆ ಚುಕ್ಕೆಗೆ ತಂದು, ಆಮೇಲೆ ಅವನ ಕೈಗೆ ಕೊಡುತ್ತಿದ್ದಳು. ಹೇಳಿರಲಿಲ್ಲ.

ಅವನು ಕೊಟ್ಟಿಗೆಯ ಗೋದಲಿಯ ಮೇಲೆ ಬಹಳ ಹೊತ್ತು ಕೂತಿದ್ದ. ಹಸು ಅವನ ತೋಳು ನೆಕ್ಕಿ, ಉಪ್ಪು ಸಾಕಾಗಿ, ಹುಲ್ಲಿಗೆ ಮರಳಿತು.

ಮರುದಿನ ರೈಲಿನಲ್ಲಿ ಅವಳ ಉಗುರು ನೋಡಿದ. ಅದೇ ಕೆಂಪು.

"ಏನ್ ನೋಡ್ತೀರ?"

"ಏನಿಲ್ಲ. ನಿಮ್ದೊಂದು ಫೋಟೊ ತೆಗೀಲಾ?"

"ನಿಮ್ಮ ವಾರ, ನಿಮ್ಮ ಇಷ್ಟ."

ಅವಳು ಕಿಟಕಿಯ ಕಡೆ ಕತ್ತು ತಿರುಗಿಸಿದಳು. ಕಿಂಡಿಯಲ್ಲಿ ಅವಳ ಕೆನ್ನೆ, ಕಿವಿಯ ಹಿಂದೆ ಸಿಗದ ಕೂದಲು, ನಗು ತಡೆದು ಬಿಗಿದ ತುಟಿಯ ಅಂಚು. ಅವನು ನೋಡುತ್ತಲೇ ಇದ್ದ. ರೈಲು ಟೇಕಲ್‌ನಲ್ಲಿ ನಿಂತಿತು, ಹೊರಟಿತು.

"ಆಯ್ತಾ?"

"ಆಯ್ತು" ಎಂದ. ಗುಂಡಿ ಒತ್ತಿರಲಿಲ್ಲ.

ಶುಕ್ರವಾರ ಅವಳು ತನ್ನ ಫೋಟೊ ಹುಡುಕಿದಳು. ಹಸುಗಳ ನಡುವೆ ಎಲ್ಲೂ ಇರಲಿಲ್ಲ. "ನಾನೆಲ್ಲಿ?" ಎಂದು ಕೇಳಿದಳು. ಅವನ ಕಿವಿ ಕೆಂಪಾದದ್ದನ್ನು ಕಂಡು, ಇನ್ನೊಮ್ಮೆ ಕೇಳಲಿಲ್ಲ.

ಜೂನ್ ಕೊನೆಗೆ ಅವಳಿಗೆ ವರ್ಗವಾಯಿತು, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಗೆ. ಅಪ್ಪ ಅಮ್ಮನಿಗೆ ಹಬ್ಬ. ಸುದ್ದಿ ಹೇಳುವಾಗ ಅವಳ ದನಿಯಲ್ಲಿ ಹಬ್ಬವಿರಲಿಲ್ಲ.

"ಇನ್ನು ರೈಲಿಲ್ಲ. ಸರದಿಗೆ ಕ್ಯಾಮೆರಾ ಯಾರು ತಲುಪಿಸ್ತಾರೆ? ಪಾಲು ಮುರಿಯೋಣ" ಎಂದಳು. ಆಮೇಲೆ ಅವನ ಕಡೆ ನೋಡಿ ಕಾದಳು.

ಅವನಿಗೆ ಹೇಳಬೇಕಾದ್ದು ಬೇರೆ ಇತ್ತು. ಹೇಳಿದರೆ ಬೇಡವೆಂದಾಳು, ಆಗ ಈ ಉಳಿದ ಎರಡು ಸಂಜೆಯೂ ಇಲ್ಲ. "ನಮ್ಮ ಕಡೆ ಪಾಲು ಮುರಿಯೋಕೆ ಎರಡೂ ಮನೆಯವ್ರು ಎದುರು ಕೂತು ಮಾತಾಡ್ಬೇಕು" ಎಂದುಬಿಟ್ಟ.

"ಓಹೋ. ಹಾಗಾದ್ರೆ ಭಾನುವಾರ ನಿಮ್ಮ ಅಮ್ಮನ್ನ ಕರ್ಕೊಂಡ್ ಬನ್ನಿ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ವೆಂಕಟರತ್ನಮ್ಮ ಶಾಸ್ತ್ರ ಬಿಡುವವರಲ್ಲ. "ಪಾಲು ಕೂಡೋವಾಗ ಬಾಯ್ ಮಾತ್ ಸಾಕು. ಮುರಿಯೋವಾಗ ಎಲೆ ಅಡಿಕೆ ಇರ್ಬೇಕು, ಮನಸ್ ಮುರೀಬಾರ್ದು ಅಂತ" ಎಂದು ತಟ್ಟೆ ಜೋಡಿಸಿದರು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ. ರೇಷ್ಮೆ ಸೀರೆ ಉಟ್ಟರು. ಮಗನಿಗೆ ಇಸ್ತ್ರಿ ಅಂಗಿ ಹಾಕಿಸಿದರು.

ಆಂಡರ್ಸನ್‌ಪೇಟೆಯ ಮನೆಯ ಬಾಗಿಲಲ್ಲಿ ಅಂಬಿಕಳ ತಾಯಿ ಮಾರಿಯಮ್ಮ ನಿಂತಿದ್ದರು. ಕ್ಯಾಮೆರಾದ ವಿಷಯಕ್ಕೆ ಯಾರೋ ಬರುತ್ತಾರೆಂದಷ್ಟೇ ಮಗಳು ಹೇಳಿದ್ದಳು. ಅವರು ರೇಷ್ಮೆ ಸೀರೆ ನೋಡಿದರು, ತಟ್ಟೆ ನೋಡಿದರು, ತಟ್ಟೆಯ ಹಿಂದೆ ಬೆವರುತ್ತಿದ್ದ ಹುಡುಗನನ್ನು ನೋಡಿದರು. "ವಾಂಗ, ವಾಂಗ, ಒಳಗ್ ಬನ್ನಿ" ಎಂದು ತಮಿಳು ಬೆರೆಸಿ ಕೂಗಿ, ಸರಸರ ಒಳಗೋಡಿ ಗಂಡನಿಗೆ ಬಿಳಿ ಅಂಗಿ ಕೊಟ್ಟರು.

ಕುಪ್ಪುಸ್ವಾಮಿ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಮುಚ್ಚುವವರೆಗೂ ನೆಲದಡಿ ದುಡಿದವರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದು ಕೂತರು. ಎಲ್ಲರ ಕೈಗೂ ಕಾಫಿ ಬಂದ ಮೇಲೆ ಗಂಟಲು ಸರಿಮಾಡಿಕೊಂಡರು.

"ನಂಗೆ ಸುತ್ತಿ ಬಳಸಿ ಮಾತಾಡಕ್ ಬರಲ್ಲಮ್ಮ. ಜಾತಕ ನಾವ್ ನೋಡಲ್ಲ. ವರದಕ್ಷಿಣೆ ಕೇಳೋರ್ಗೆ ಕಾಪಿನೂ ಕೊಡಲ್ಲ, ನಿಮಗ್ ಕೊಟ್ಟಿದೀವಿ. ಹುಡುಗಿ ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲ."

ವೆಂಕಟರತ್ನಮ್ಮನ ಲೋಟ ಬಾಯಿಯ ಹತ್ತಿರ ನಿಂತಿತು. ಮಗನ ಕಡೆ ವಾಲಿ, ತವರಿನ ತೆಲುಗಿನಲ್ಲಿ ಇದೇನೆಂದು ಪಿಸುಗುಟ್ಟಿದರು. "ಏಮಿರಾ ಇದಿ?"

ಮುನಿರಾಜು ತಲೆಯೆತ್ತಿದ. ಅಡುಗೆಮನೆಯ ಬಾಗಿಲಲ್ಲಿ ಅಂಬಿಕ ಕ್ಯಾಮೆರಾ ಹಿಡಿದು ನಿಂತಿದ್ದಳು. ಒಂದು ಮಾತಿನಲ್ಲಿ ಅವಳು ಅಪ್ಪನನ್ನು ತಿದ್ದಬಹುದಿತ್ತು, ತಿದ್ದುತ್ತಿರಲಿಲ್ಲ. ನಗುತ್ತಲೂ ಇರಲಿಲ್ಲ.

"ಸರ್, ನಾವು ಅದಕ್ಕೆ ಬಂದಿದ್ದಲ್ಲ" ಎಂದ ಮುನಿರಾಜು. "ಕ್ಯಾಮೆರಾದ ಪಾಲು ಮುರಿಯೋಕೆ ಬಂದ್ವಿ. ತಟ್ಟೆ ಅದಕ್ಕೇ ತಂದಿದ್ದು."

ಮಾರಿಯಮ್ಮ ಸೆರಗನ್ನು ಬಾಯಿಗೊತ್ತಿದರು. ಕುಪ್ಪುಸ್ವಾಮಿಯ ಮುಖ ಗೋಡೆಯಂತಾಯಿತು. ಅಂಬಿಕ ಒಳಗೆ ತಿರುಗಿದಳು.

"ಆದ್ರೆ ಮುರಿಯೋದು ನಂಗಿಷ್ಟ ಇಲ್ಲ" ಎಂದ ಅವನು, ಸ್ವಲ್ಪ ಜೋರಾಗಿಯೇ. ಅವಳು ನಿಂತಳು. "ನೀವು ಅಂದ್ಕೊಂಡಿದ್ದೇ ನಿಜ ಆಗ್ಲಿ ಅಂತ ನನ್ನ ಆಸೆ ಸರ್. ಟೀಚರ್‌ಗೂ ಇಷ್ಟ ಇದ್ರೆ ಮಾತ್ರ."

"ಅಪ್ಪನ ಹತ್ರ ಯಾಕ್ ಹೇಳ್ತೀರ?" ಬಾಗಿಲಿಂದ ದನಿ ಬಂತು. "ನನ್ನ ಹತ್ರ ಹೇಳಿ."

ಅವನು ಎದ್ದು ನಿಂತ. "ನಂಗೆ ನೀವು ಬೇಕು, ಅಂಬಿಕ."

ಟೀಚರ್ ಎನ್ನದೆ ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಕಣ್ಣು ತುಂಬಿತು, ತುಂಬಿದ ಕಣ್ಣಲ್ಲೇ ತುಂಟತನ ಎದ್ದಿತು. "ಇಷ್ಟು ಹೇಳೋಕೆ ತೆಂಗಿನಕಾಯಿ ಸಮೇತ ಬರ್ಬೇಕಿತ್ತಾ? ರೈಲಲ್ಲಿ ಒಂದು ವರ್ಷ ಏನ್ ಮಾಡ್ತಿದ್ರಿ?"

"ಹಸು ತೋರಿಸ್ತಿದ್ದೆ."

ಕುಪ್ಪುಸ್ವಾಮಿ ನಗು ತಡೆಯಲಾರದೆ ಕೆಮ್ಮಿದರು. "ಏನಮ್ಮ, ನಿಂಗೆ ಒಪ್ಪಿಗೇನಾ?"

"ಒಪ್ಪಿಗೆ ಅಪ್ಪ. ಆವಾಗ್ಲಿಂದ್ಲೂ."

ಎಲ್ಲರೂ ವೆಂಕಟರತ್ನಮ್ಮನ ಕಡೆ ನೋಡಿದರು. ಅವರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ತಟ್ಟೆ ಇನ್ನೂ ಅವರ ಮಡಿಲಲ್ಲೇ ಇತ್ತು.

"ಜನ ಬ್ಯಾರೆ, ಮಾತ್ ಬ್ಯಾರೆ. ನಮ್ಮೋರು ಸುಮ್ನಿರಲ್ಲ, ಮನೆ ಬಾಗ್ಲಿಗ್ ಬಂದು ಕೇಳ್ತಾರೆ" ಎಂದರು. ಅವರು ಅಂಬಿಕಳನ್ನು ಹತ್ತಿರ ಕರೆದರು. "ಅಸು ಕಂಡ್ರೆ ಭಯಾನಾ ಮಗ?"

"ಸ್ವಲ್ಪ ಭಯಾನೇ ಅಮ್ಮ."

"ನಿಜ ಏಳ್ದೆ. ಇವನು ಒಂದ್ ವರ್ಸ ಬಚ್ಚಿಟ್ಟ ನೋಡು." ಮಗನನ್ನು ಒಮ್ಮೆ ಗದರುವಂತೆ ನೋಡಿದರು. "ಕೇಳೋರ್ ಕೇಳ್ಲಿ. ಉತ್ರ ನಾನ್ ಏಳ್ತೀನಿ" ಎಂದು ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಮಾರಿಯಮ್ಮನ ಕಡೆ ಚಾಚಿದರು.

ಮಾರಿಯಮ್ಮ ಕೈಯೊರೆಸಿಕೊಂಡು ತೆಗೆದುಕೊಂಡರು. "ನಾವೂ ನಿಮ್ಮನೆ ನೋಡ್ಬೇಕಲ್ಲಾ" ಎಂದರು, ಬಿಗುಮಾನ ಬಿಡದೆ.

ಮುಂದಿನ ಭಾನುವಾರ ಬೆಳಿಗ್ಗೆ ಕುಪ್ಪುಸ್ವಾಮಿ ಮತ್ತು ಮಾರಿಯಮ್ಮ ಬಂಗಾರಪೇಟೆಯಲ್ಲಿ ಬೂದಿಕೋಟೆಯ ಬಸ್ಸು ಹತ್ತಿದರು.