ತಿರುಪು ತಿರುಗಿದಷ್ಟೂ ಹತ್ತಿರ

ಇದು ನಡೆದದ್ದು ಹಾಡಹಗಲಲ್ಲಿ, ಜನ ಓಡಾಡುವ ಪೇಟೆಬೀದಿಯಲ್ಲಿ. ಆದ್ದರಿಂದಲೇ ಹೇಳಿದರೆ ಯಾರೂ ನಂಬುವುದಿಲ್ಲ.

ಹಕ್ಕಿ ನೋಡುವ ಹುಚ್ಚು ಹಿಡಿದಿದ್ದ ನನ್ನ ಅತ್ತಿಗೆಗೆ ದುರ್ಬೀನು ಕೊಳ್ಳಲು ಹೋಗಿದ್ದೆವು. "ಹಗುರ ಇರ್ಲಿ ಕಣೋ, ಕತ್ತಿಗೆ ಹಾಕ್ಕೊಂಡು ಬೆಟ್ಟ ಹತ್ಬೇಕು," ಎಂದು ಅವರು ಒಂದೊಂದನ್ನೇ ಎತ್ತಿ ನೋಡುತ್ತಿದ್ದರು. ಕೊನೆಗೆ ಅಂಗಡಿಯವನು ಪೆಟ್ಟಿಗೆಯ ಸೀಲು ಒಡೆದು ಹೊಸದೊಂದನ್ನು ನನ್ನ ಕೈಗಿತ್ತ. ಕಣ್ಣಿಗೊತ್ತುವ ರಬ್ಬರು, ಯಾರೋ ಈಗಷ್ಟೇ ನೋಡಿ ಇಟ್ಟಂತೆ, ಬೆಚ್ಚಗಿತ್ತು.

ಬಾಗಿಲಲ್ಲಿ ನಿಂತು ಬೀದಿಯ ಕೊನೆಯ ನೀರಿನ ಟ್ಯಾಂಕಿನತ್ತ ನೋಡಿದೆ. ಅದರ ಕೆಳಗೆ ಬೂದು ಅಂಗಿಯವನೊಬ್ಬ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದ. ದುರ್ಬೀನು ಇಳಿಸಿದರೆ ಅಲ್ಲಿ ಯಾರೂ ಇರಲಿಲ್ಲ. ಮತ್ತೆ ನೋಡಿದಾಗ ಅವನು ಮಸುಕಾಗಿದ್ದ. ದುರ್ಬೀನಿನ ನಡುವಿನ ತಿರುಪು ತಿರುಗಿಸಿದೆ, ಸ್ಪಷ್ಟವಾಗಿ ಕಂಡ. ಮರುಕ್ಷಣವೇ ಮತ್ತೆ ಮಸುಕಾದ. ಅವನು ಹೆಜ್ಜೆ ಎತ್ತಿಟ್ಟದ್ದನ್ನು ನಾನು ನೋಡಲಿಲ್ಲ. ಮುಖ ಮಾತ್ರ ದೊಡ್ಡದಾಗುತ್ತ ಬಂತು.

"ಅತ್ತಿಗೆ, ನೀವೊಂದ್ಸಲ ನೋಡಿ."

ಅವರು ನೋಡಿದರು. ಬೆರಳು ತಿರುಪನ್ನು ಮೆಲ್ಲಗೆ ತಿರುಗಿಸುತ್ತಲೇ ಇತ್ತು, ಅದು ಇನ್ನು ತಿರುಗದೆ ನಿಲ್ಲುವವರೆಗೂ. ಆಮೇಲೆ ದುರ್ಬೀನನ್ನು ಮೇಜಿನ ಮೇಲಿಟ್ಟು, "ಇದು ಬೇಡ, ನಡಿ," ಎಂದರು. ನನ್ನ ತೋಳು ಹಿಡಿದು ಎಳೆದರು.

ಅಂಗಡಿಯವನು ತಿರುಪು ನೋಡಿ ನಕ್ಕ. "ಪೂರ್ತಿ ತಿರುಗಿಸಿಬಿಟ್ಟಿದೀರಲ್ಲಮ್ಮ. ಹೀಗಿಟ್ರೆ ಬೀದಿಲಿರೋದು ಏನೂ ಕಾಣಲ್ಲ. ನಿಮ್ಮೆದುರಿಗೇ ನಿಂತೋರು ಮಾತ್ರ ಕಾಣ್ತಾರೆ."

ಮನೆ ಹತ್ತಿರವಾದಾಗ ಅತ್ತಿಗೆ ಇಷ್ಟೇ ಹೇಳಿದರು: "ಕೊನೆಗೆ ಅವನ ರೆಪ್ಪೆಗೂದಲೂ ಒಂದೊಂದಾಗಿ ಕಾಣ್ತಿತ್ತು ಕಣೋ."